ರಾತ್ರಿ ಚಳಿಗೆ ಯಾವ ಹೊದಿಕೆ?

ಕೋಲಾರದ ಡಿಸೆಂಬರ್ ಚಳಿಗೆ ಸಸಿಗಳ ಮೇಲೆ ಯಾವುದನ್ನು ಹಾಕಬೇಕು ಅಂತ ಕೇಳಿದ್ದೀರಿ. ಸಾದಾ ಪಾಲಿಥಿನ್ ಶೀಟು ಅಗ್ಗ, ಹಗಲು ಚೆನ್ನಾಗಿ ಕಾಯುತ್ತದೆ, ಆದರೆ ರಾತ್ರಿ ಅದನ್ನು ಜಾಸ್ತಿ ನಂಬಬೇಡಿ. ನೆಲದ ಶಾಖ ಅದರ ಮೂಲಕ ಸಲೀಸಾಗಿ ಆಕಾಶಕ್ಕೆ ಹೋಗುತ್ತದೆ. ಮೋಡವೂ ಗಾಳಿಯೂ ಇಲ್ಲದ ರಾತ್ರಿ ಬೆಳಗಿನ ಜಾವಕ್ಕೆ ಒಳಗಡೆಯೇ ಹೊರಗಿಗಿಂತ ಒಂಚೂರು ತಣ್ಣಗಾಗುವುದೂ ಉಂಟು, ಯಾಕಂದ್ರೆ ಹೊರಗಿನ ಗಾಳಿ ಒಳಗೆ ಬೆರೆಯುವುದಿಲ್ಲ. ಒಳಮೈಗೆ ಹನಿ ಕಟ್ಟಿದರೆ ಶಾಖ ಸ್ವಲ್ಪ ನಿಲ್ಲುತ್ತದೆ. ಅದೇ ಹನಿ ಎಲೆ ಮೇಲೆ ತೊಟ್ಟಿಕ್ಕಿದರೆ ರೋಗ, ಅಲ್ವಾ?

ಬಟ್ಟೆಯಂಥ ನಾನ್‌ವೋವನ್ ಕವರ್ 1–2 ಡಿಗ್ರಿ ಉಳಿಸುತ್ತದೆ, ಗಾಳಿಯಾಡುತ್ತದೆ, ಆದರೆ ಬೇಗ ಹರಿಯುತ್ತದೆ. ಒಂದು ಬೆಳೆ ಕಲ್ಲಂಗಡಿಗೆ ಅದು ಸಾಕು. ನೆಲದ ಶಾಖ ಹೊರಗೆ ಹೋಗದಂತೆ ತಡೆಯುವ ಐಆರ್ (ಇನ್‌ಫ್ರಾರೆಡ್) ಶೀಟು ದುಬಾರಿ. ವರ್ಷವಿಡೀ ಸಸಿ ಬೆಳೆಸುವವರಿಗೆ ಸರಿ. ಸಾದಾ ಶೀಟು ಈಗಾಗಲೇ ಇದ್ದರೆ ಸುಮ್ನೆ ಬಿಸಾಡಬೇಡಿ, ಬೆಳಿಗ್ಗೆಯೇ ನೀರು ಬಿಡಿ, ಹಸಿಮಣ್ಣು ಹಗಲಿನ ಶಾಖವನ್ನು ಜಾಸ್ತಿ ಹಿಡಿದಿಡುತ್ತದೆ.