ಟೆಫ್ಲಾನ್ ಟೇಪ್: ಕೆಲಸಕ್ಕ ಬರ್ತದ, ಆದ್ರ ಎಲ್ಲಾ ಕಡೆ ಸುತ್ತಬ್ಯಾಡ್ರಿ

ಹುಬ್ಬಳ್ಳಿ-ಧಾರವಾಡದಾಗ ಯಾವ ಹಾರ್ಡ್‌ವೇರ್ ಅಂಗಡಿಗೆ ಹೋದ್ರೂ ಸಿಗೋ 12 ಮಿ.ಮೀ. ಅಗಲದ ಬಿಳಿ ಟೆಫ್ಲಾನ್ ಟೇಪ್, ಅಂದ್ರ ನಲ್ಲಿ-ಪೈಪಿನ ತಿರುಪಿನಾಗ ನೀರು ಸೋರದಂಗ ಸುತ್ತೋ ಟೇಪ್, ಫ್ಲಶ್ ಟ್ಯಾಂಕ್ ರಿಪೇರಿಗೆ ಸಾಕು. ಅಗ್ಗದ ಸುರುಳಿ ಮಾತ್ರ ಭಾಳ ತೆಳು. ಎಳದ್ರ ಆಚೆ ಬೆಳಕು ಕಾಣ್ತದ. ಅಂಥಾದ್ದು ಅರ್ಧ ಇಂಚಿನ ಥ್ರೆಡ್ಡಿಗೆ (ತಿರುಪಿನ ಎಳಿಗೆ) 8-10 ಸುತ್ತು ಬೇಕು, ದಪ್ಪಂದಾದ್ರ 4-5.

ಆ್ಯಂಗಲ್ ಕಾಕ್, ಅಂದ್ರ ಟ್ಯಾಂಕಿನ ನೀರು ಬಂದ್ ಮಾಡೋ ಗೋಡಿ ನಲ್ಲಿ, ಅದರ ಗೋಡಿಯೊಳಗ ಹೋಗೋ ಥ್ರೆಡ್ಡಿಗೆ ಟೇಪ್ ಬೇಕೇ ಬೇಕು. ಹಳೇದನ್ನ ಬ್ರಷ್ಷಿನಿಂದ ತಿಕ್ಕಿ ತಗದು, ಒರಸಿ, ಥ್ರೆಡ್ಡಿನ ತುದಿ ನಿಮ್ಮ ಕಡೆ ಇಟ್ಕೊಂಡು ಗಡಿಯಾರದ ಮುಳ್ಳು ತಿರುಗೋ ದಿಕ್ಕಿಗೆ ಬಿಗಿಯಾಗಿ ಸುತ್ರಿ. ಉಲ್ಟಾ ಸುತ್ತಿದ್ರ ಕಾಕ್ ತಿರುವೋವಾಗ ಟೇಪ್ ಮುದ್ದಿಯಾಗಿ ಹೊರಗ ಬರ್ತದ. ತುದಿಯ ಮೊದಲ ಎಳಿ ಖಾಲಿ ಬಿಡ್ರಿ, ಇಲ್ಲಾಂದ್ರ ಟೇಪಿನ ಚೂರು ಒಳಗ ಹೋಗಿ ಟ್ಯಾಂಕಿಗೆ ನೀರು ಬಿಡೋ ವಾಲ್ವಿನ ಜಾಳಿ ಕಟ್ತದ. ಬಿಗಿ ಮಾಡಿದ ಮ್ಯಾಲ "ಸ್ವಲ್ಪ ಸೊಟ್ಟ ಆತು" ಅಂತ ಹಿಂದಕ್ಕ ತಿರುವಿದ್ರೋ, ಸೀಲ್ ಹೋತು. ಬಿಚ್ಚಿ ಹೊಸಾದು ಸುತ್ತಬೇಕು. ಪೈಪ್ ಅಂಟಿಸೋ ಸೊಲ್ಯೂಷನ್ ಅಂತೂ ಇಲ್ಲಿ ಬಳೀಲೇಬ್ಯಾಡ್ರಿ.

ಕಾಕಿನಿಂದ ಹೋಗೋ ಕನೆಕ್ಷನ್ ಪೈಪ್ ಟ್ಯಾಂಕಿಗೆ ಸೇರೋ ಜಾಗಾದಾಗ ಟೇಪಿಗೆ ಕೆಲಸಿಲ್ಲ. ಅಲ್ಲಿ ನೀರು ತಡಿಯೋದು ನಟ್ಟಿನೊಳಗಿನ ರಬ್ಬರ್ ವಾಷರ್. ಟೇಪ್ ಸುತ್ತಿ ಪಾನಾ ಹಾಕಿ ಜಗ್ಗಿದ್ರ ಪ್ಲಾಸ್ಟಿಕ್ ನಟ್ ಸೀಳ್ತದ. ಕೈಲೇ ಬಿಗಿ ಮಾಡಿ, ಪಾನಾದಿಂದ ಕಾಲು ಸುತ್ತು. ಅಷ್ಟ.

ಕಮೋಡಿನಾಗ ಸದಾ ನೀರು ಜಿನುಗ್ತಿದ್ರ ಟೇಪಿಗೆ ಬೈಬ್ಯಾಡ್ರಿ. ಟ್ಯಾಂಕಿಗೆ ನಾಲ್ಕು ಹನಿ ಶಾಯಿ ಹಾಕಿ, ಫ್ಲಶ್ ಮಾಡದ 20 ನಿಮಿಷ ಬಿಡ್ರಿ. ಟ್ಯಾಂಕಿನ ನೀರಿನ ಮಟ್ಟ ಓವರ್‌ಫ್ಲೋ ಪೈಪಿನ (ಹೆಚ್ಚಾದ ನೀರು ಇಳಿಯೋ ಪೈಪಿನ) ಬಾಯಿಗಿಂತ ಒಂದು ಇಂಚು ಕೆಳಗಿದ್ದೂ ಕಮೋಡಿನಾಗ ಬಣ್ಣ ಬಂದ್ರ ಫ್ಲಶ್ ವಾಲ್ವಿನ (ಟ್ಯಾಂಕಿನಿಂದ ಕಮೋಡಿಗೆ ನೀರು ಬಿಡೋ ವಾಲ್ವಿನ) ವಾಷರ್ ಸವದದ, ಇಲ್ಲಾ ಅದರಡಿ ಕೆಸರು ಕೂತದ.