ಅಂಗುಲದೊಳಗಿನ ಜೀವಿಗೆ ಯಾವ ಕ್ಯಾಮೆರಾ? ನೀರಿನಡಿಯ ಮ್ಯಾಕ್ರೋಗೆ ಮೂರು ಸೆಟಪ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮೈಕ್ರೋ ಫೋರ್ ಥರ್ಡ್ಸ್ ಎಂಬ, ಚಿತ್ರ ಹಿಡಿಯುವ ಸೆನ್ಸರ್ ಚಿಕ್ಕದಿರುವ ಕ್ಯಾಮೆರಾ ಮತ್ತು ಒಲಿಂಪಸ್ 60 ಎಂಎಂ ಮ್ಯಾಕ್ರೋ (ತೀರಾ ಹತ್ತಿರದ ಚಿತ್ರದ) ಲೆನ್ಸ್ ಜೋಡಿಗೆ. ಕೊನೆಗೆ ದುಡ್ಡು ಹಾಕಿದ್ದೂ ಇದಕ್ಕೇ. ಅದಕ್ಕೂ ಮುಂಚೆ ಒಂದು ಪುಟ್ಟ ಕಾಂಪ್ಯಾಕ್ಟ್ ಬಳಸುತ್ತಿದ್ದೆ. ನಡುವೆ ಗೆಳೆಯನ ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾ, 105 ಎಂಎಂ ಮ್ಯಾಕ್ರೋ, ಎರಡು ಸ್ಟ್ರೋಬ್ (ನೀರಿನಡಿಯ ಫ್ಲ್ಯಾಶ್) ಎಲ್ಲ ಎರವಲು ತಂದು ನೀರಿಗಿಳಿದಿದ್ದೆ. ಪಕ್ಷಪಾತ ಇದೆ, ಆದರೆ ಸುಮ್ನೆ ಬಂದದ್ದಲ್ಲ.

ನಾನು ಹುಡುಕುವುದು ಅಂಗುಲದೊಳಗಿನ ಜೀವಿಗಳನ್ನು. ನುಡಿಬ್ರಾಂಕ್ ಎಂಬ ಚಿಪ್ಪಿಲ್ಲದ ಬಸವನಹುಳು, ಪುಟಾಣಿ ಸಿಗಡಿ, ಅದೃಷ್ಟ ಇದ್ದರೆ ಎರಡು ಸೆಂಟಿಮೀಟರ್ ಕೂಡ ಇಲ್ಲದ ಪಿಗ್ಮಿ ಕಡಲಕುದುರೆ. ಶಾರ್ಕ್, ತಿಮಿಂಗಿಲ ತೆಗೆಯುವವರ ಲೆಕ್ಕವೇ ಬೇರೆ.

ಕಾಂಪ್ಯಾಕ್ಟ್ ವಿಷಯ ಬೇಗ ಮುಗಿಸುತ್ತೇನೆ. ಹಗುರ, ಅಗ್ಗ. ಲೆನ್ಸ್‌ನಿಂದ ಒಂದು ಸೆಂಟಿಮೀಟರ್ ದೂರದಲ್ಲೂ ಫೋಕಸ್ ಆಗುತ್ತಿತ್ತು. ಆದರೆ ಅಷ್ಟು ಹತ್ತಿರ ಹೋದರೆ ಕ್ಯಾಮೆರಾ ಕೂರುವ ಜಲನಿರೋಧಕ ಪೆಟ್ಟಿಗೆಯ, ಅಂದರೆ ಹೌಸಿಂಗ್‌ನ ಗಾಜು ಹೆಚ್ಚುಕಡಿಮೆ ಜೀವಿಯ ಮೂತಿಗೇ ತಾಗುತ್ತದೆ. ಸ್ಟ್ರೋಬ್ ಬೆಳಕು ಒಳಗೆ ನುಸುಳಲು ಜಾಗವೇ ಇಲ್ಲ, ಲೆನ್ಸ್ ಮುಂದಿನ ಆ ಗಾಜಿನ ಭಾಗದ, ಅಂದರೆ ಪೋರ್ಟ್‌ನ ನೆರಳು ಅರ್ಧ ಚಿತ್ರ ನುಂಗಿಬಿಡುತ್ತದೆ. ಗೋಬಿ ಮೀನಂತೂ ಅಷ್ಟರಲ್ಲಿ ಬಿಲ ಸೇರಿರುತ್ತದೆ. ಜೊತೆಗೆ ನನ್ನದರಲ್ಲಿ ಶಟರ್ ವೇಗ ಕೈಯಲ್ಲಿ ಹೊಂದಿಸುವ ಅವಕಾಶವೇ ಇರಲಿಲ್ಲ. ಹಿನ್ನೆಲೆ ಕಪ್ಪಾಗಬೇಕು ಅಂದಾಗ ಅದು ತನಗೆ ತೋಚಿದಂತೆ ಮಾಡುತ್ತಿತ್ತು.

ಇನ್ನು ಫುಲ್ ಫ್ರೇಮ್. ಚಿತ್ರ ಚೆನ್ನಾಗಿ ಬರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ತಕರಾರು ಅಳತೆಯದ್ದು. ಮ್ಯಾಕ್ರೋ ಲೆನ್ಸ್ 1:1 ಅಂದರೆ ಸೆನ್ಸರ್ ಎಷ್ಟು ಅಗಲವೋ ಅಷ್ಟೇ ಅಗಲದ ವಸ್ತು ಚಿತ್ರವನ್ನು ತುಂಬುತ್ತದೆ. ಫುಲ್ ಫ್ರೇಮ್ ಸೆನ್ಸರ್ 36 ಮಿಲಿಮೀಟರ್ ಅಗಲ, ಮೈಕ್ರೋ ಫೋರ್ ಥರ್ಡ್ಸ್ ಸುಮಾರು 17. ನನ್ನ ಒಂದೂವರೆ ಸೆಂಟಿಮೀಟರ್ ನುಡಿಬ್ರಾಂಕ್ ಇದರಲ್ಲಿ ತುಂಬಿಕೊಳ್ಳುತ್ತದೆ, ಅದರಲ್ಲಿ ಅರ್ಧ ಜಾಗ ಖಾಲಿ. ಕತ್ತರಿಸಿದರಾಯಿತು ಅಲ್ವಾ ಅಂತೀರಿ. 45 ಮೆಗಾಪಿಕ್ಸೆಲ್ ಚಿತ್ರವನ್ನು ಆ ಅಳತೆಗೆ ಕತ್ತರಿಸಿದರೆ ಉಳಿಯುವುದು ಸುಮಾರು 12. ನನ್ನದರಲ್ಲಿ ಅದೇ ಜಾಗಕ್ಕೆ 20 ಇದೆ.

ಕತ್ತರಿಸುವುದು ಬೇಡವಾದರೆ ಪೋರ್ಟ್ ಮುಂದೆ, ನೀರಿನಲ್ಲೇ ಹಾಕಿ ತೆಗೆಯುವ ವೆಟ್ ಲೆನ್ಸ್ ಎಂಬ ಹಿಗ್ಗಿಸುವ ಗಾಜು ಹಾಕಬೇಕು. ನನ್ನ ತಾಳ್ಮೆ ತಿಂದದ್ದು ಇದೇ. ಪ್ಲಸ್ 10 ಶಕ್ತಿಯ ಲೆನ್ಸ್ ಹಾಕಿದರೆ ಅದರಿಂದ ಸುಮಾರು 10 ಸೆಂಟಿಮೀಟರ್ ಆಚೆ ಇರುವುದೆಲ್ಲ ಬರೀ ಮಸುಕು. ಹಾಗಾಗಿ ಮೊದಲು ಲೆನ್ಸ್ ಪಕ್ಕಕ್ಕೆ ಸರಿಸಿ ಜೀವಿಯನ್ನು ಹುಡುಕಬೇಕು. ಸಿಕ್ಕಮೇಲೆ ಕೀಲು ತಿರುಗಿಸಿ ಲೆನ್ಸ್ ಮುಂದಕ್ಕೆ ತರಬೇಕು. ತಂದ ಕೂಡಲೇ ಸ್ಕ್ರೀನ್ ತುಂಬ ಬಣ್ಣದ ಮಂಜು! ಕೈ ಒಂದು ಬೆರಳಷ್ಟು ಅಲುಗಿದ್ದರೂ ಹುಳು ಚೌಕಟ್ಟಿನಿಂದ ಮಾಯ. ಮತ್ತೆ ಲೆನ್ಸ್ ತೆಗೆ, ಮತ್ತೆ ಹುಡುಕು. ನೀರಿನ ಸೆಳೆತ ಇದ್ದರಂತೂ ದೇವರೇ ಗತಿ.

ಇಷ್ಟಕ್ಕೇ ಮುಗಿಯಲಿಲ್ಲ. ಪೋರ್ಟ್‌ಗೂ ವೆಟ್ ಲೆನ್ಸ್‌ಗೂ ನಡುವೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ. ಸ್ಕ್ರೀನ್‌ನಲ್ಲಿ ಅದು ಗುಳ್ಳೆಯಂತೆ ಕಾಣುವುದಿಲ್ಲ, ಮೂಲೆಯಲ್ಲಿ ಒಂದು ಮಬ್ಬು ಕಲೆ ಅಷ್ಟೇ. ಒಂದು ಸಲ ಬಿಳಿ ಮೈಯ, ಕಿತ್ತಳೆ ಕೊಂಬಿನ ನುಡಿಬ್ರಾಂಕ್ ಒಂದು ಸ್ಪಂಜಿನ ಅಂಚಿಗೆ ಬಂದು ತಲೆ ಎತ್ತಿತ್ತು. ಕೊಂಬಿನ ಪದರ ಪದರವೂ ಎಣಿಸುವಷ್ಟು ಸ್ಪಷ್ಟ. ಬೆನ್ನ ಮೇಲಿನ ಕಿವಿರಿನ ಗೊಂಚಲು ಮಾತ್ರ ಇಲ್ಲವೇ ಇಲ್ಲ. ಅಷ್ಟು ಹಿಗ್ಗಿಸಿದಾಗ ಫೋಕಸ್‌ನಲ್ಲಿ ನಿಲ್ಲುವ ಆಳ ಮಿಲಿಮೀಟರ್ ಲೆಕ್ಕದ್ದು, ಕಿವಿರು ಮಸುಕಾಗಿದ್ದು ಅದಕ್ಕೆ ಅಂದುಕೊಂಡೆ. ಕಂಪ್ಯೂಟರ್‌ಗೆ ಹಾಕಿ ನೋಡಿದರೆ ಅದರ ಮೇಲೆ ಗುಳ್ಳೆಯೂ ಕೂತಿದೆ.

ದೊಡ್ಡ ಸೆನ್ಸರ್‌ನಲ್ಲಿ ಕತ್ತಲಲ್ಲೂ ನಾಯ್ಸ್ (ಚಿತ್ರದಲ್ಲಿ ಚುಕ್ಕೆಚುಕ್ಕೆ ಕಲೆ) ಕಡಿಮೆ ಅನ್ನುವ ವಾದವೂ ಇಲ್ಲಿ ಅಷ್ಟಾಗಿ ನಿಲ್ಲುವುದಿಲ್ಲ. ನನ್ನ ಕ್ಯಾಮೆರಾದಲ್ಲಿ ಎಫ್/11 ಅಳತೆಯ ಲೆನ್ಸ್ ಕಿಂಡಿ ಕೊಡುವ ಫೋಕಸ್ ಆಳವನ್ನು ಫುಲ್ ಫ್ರೇಮ್‌ನಲ್ಲಿ ಪಡೆಯಲು ಕಿಂಡಿಯನ್ನು ಎಫ್/22ಕ್ಕೆ ಕಿರಿದಾಗಿಸಬೇಕು. ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಐಎಸ್‌ಒ (ಸೆನ್ಸರಿನ ಬೆಳಕಿನ ಸಂವೇದನೆ) ನಾಲ್ಕು ಪಟ್ಟು ಏರಿಸಿ ನಾಯ್ಸ್ ಹೆಚ್ಚಿಸಿಕೊಳ್ಳಿ, ಇಲ್ಲ ಸ್ಟ್ರೋಬ್ ಪೂರ್ತಿ ಉರಿಸಿ. ಪೂರ್ತಿ ಉರಿಸಿದರೆ ಅದು ಮತ್ತೆ ಚಾರ್ಜ್ ಆಗುವವರೆಗೆ ಕಾಯುತ್ತ ಕೂರಬೇಕು.

ನಾಚುವ ಮೀನುಗಳಿಗೆ ಮಾತ್ರ 105 ಎಂಎಂ ವಾಸಿ. 1:1ರಲ್ಲಿ ಲೆನ್ಸ್ ಮುಂದೆ ಸುಮಾರು 15 ಸೆಂಟಿಮೀಟರ್ ಜಾಗ ಉಳಿಯುತ್ತದೆ, 60 ಎಂಎಂನಲ್ಲಿ 9ರ ಆಸುಪಾಸು. ನುಡಿಬ್ರಾಂಕ್ ಓಡಿಹೋಗುವ ಪೈಕಿ ಅಲ್ಲ, ನನಗೆ 9 ಸಾಕು. ಸ್ಟ್ರೋಬ್ ಬೆಳಕು ಎರಡೂ ಕಡೆಯಿಂದ ಆರಾಮಾಗಿ ಬೀಳುತ್ತದೆ. ಇದೇ ಕ್ಯಾಮೆರಾಗೆ ಕೂರುವ 30 ಎಂಎಂ ಮ್ಯಾಕ್ರೋ ಅಗ್ಗ ಅಂತ ಆಸೆಪಡಬೇಡಿ. ಪೂರ್ತಿ ಹಿಗ್ಗಿಸಿದಾಗ ಅದರ ಮುಂದೆ ಉಳಿಯುವುದು 14 ಮಿಲಿಮೀಟರ್, ಪೋರ್ಟ್ ಗಾಜು ಕಳೆದರೆ ಹೆಚ್ಚೇನೂ ಉಳಿಯದು.

60 ಎಂಎಂನಲ್ಲೂ ಒಂದು ಕಿರಿಕಿರಿ ಇದೆ, ಕತ್ತಲಲ್ಲಿ ಫೋಕಸ್ ಹಿಂದೆ ಮುಂದೆ ತಡಕಾಡುತ್ತದೆ. ಲೆನ್ಸ್ ಪಕ್ಕದ ಸ್ವಿಚ್ಚನ್ನು 0.19–0.4 ಮೀಟರ್‌ಗೆ ಇಟ್ಟು ಆಮೇಲೆ ಹೌಸಿಂಗ್ ಮುಚ್ಚಿ. ನನ್ನ ಹೌಸಿಂಗ್‌ನಲ್ಲಂತೂ ನೀರಿಗಿಳಿದ ಮೇಲೆ ಆ ಸ್ವಿಚ್ ಕೈಗೆ ಸಿಗುವುದಿಲ್ಲ. ಒಂದು ಫೋಕಸ್ ಲೈಟ್ ಬೇಕೇ ಬೇಕು.

ದುಡ್ಡಿನ ಮಾತು. ಎಷ್ಟೋ ಸಲ ಕ್ಯಾಮೆರಾಗಿಂತ ಹೌಸಿಂಗೇ ದುಬಾರಿ, ಅದೂ ಒಂದು ಮಾಡೆಲ್‌ದು ಇನ್ನೊಂದಕ್ಕೆ ಕೂರುವುದಿಲ್ಲ. ಅದಕ್ಕೇ ನಾನು ಒಂದು ತಲೆಮಾರು ಹಳೆಯ ಬಾಡಿಯನ್ನು ಅದರ ಹೌಸಿಂಗ್ ಸಮೇತ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ನೀರು ತಡೆಯುವ ರಬ್ಬರ್ ಬಳೆಗಳಾದ ಓ-ರಿಂಗ್‌ಗಳನ್ನೆಲ್ಲ ಹೊಸದು ಹಾಕಿಸಿ, ಖಾಲಿ ಹೌಸಿಂಗನ್ನು ಮೊದಲು ನೀರಿಗಿಳಿಸಿ ನೋಡಿದೆ. ಉಳಿದ ದುಡ್ಡಲ್ಲಿ ಎರಡನೇ ಸ್ಟ್ರೋಬ್ ಬಂತು. ನನಗೆ ವಿಮಾನದಲ್ಲಿ ಎಲ್ಲವೂ ಕೈಚೀಲದಲ್ಲೇ ಹೋಗಬೇಕು, ಫುಲ್ ಫ್ರೇಮ್ ಹೌಸಿಂಗ್ ಒಂದೇ ಆ ಚೀಲ ತುಂಬುತ್ತದೆ. ಮೀನಿನ ಮುಖಚಿತ್ರವೇ ನಿಮ್ಮ ಹುಚ್ಚು, ಚೀಲ ಹೊರಲು ಜೊತೆಗಾರರೂ ಇದ್ದಾರೆ ಅಂದರೆ ಗೆಳೆಯನ ಸೆಟಪ್ಪೇ ನೋಡಿ, ವೆಟ್ ಲೆನ್ಸ್ ಮಾತ್ರ ಕೊಳ್ಳುವ ಮುಂಚೆ ಬಾಡಿಗೆಗೆ ತಂದು ನೋಡಿ.