ಸಿಪಿಯು 64, ಫರ್ಮ್‌ವೇರ್ 32: ನನ್ನ ಸೆಕೆಂಡ್ ಹ್ಯಾಂಡ್ ಟೂ-ಇನ್-ವನ್ ಕಥೆ

ಬೆಂಗಳೂರಿನ ಎಸ್.ಪಿ. ರೋಡಲ್ಲಿ 3,500 ರೂಪಾಯಿಗೆ ಒಂದು ಹಳೇ ಟೂ-ಇನ್-ವನ್ (ಟ್ಯಾಬ್ಲೆಟ್ಟೂ ಆಗೋ ಲ್ಯಾಪ್‌ಟಾಪ್) ತಗೊಂಡೆ, ಬ್ರ್ಯಾಂಡ್ ಹೆಸ್ರು ಬೇಡ ಬಿಡಿ, ಒಳಗಿರೋದು ಇಂಟೆಲ್ ಆಟಮ್ ಝಡ್3735ಎಫ್, 2 ಜಿಬಿ ರ‍್ಯಾಮ್, 32 ಜಿಬಿ ಸ್ಟೋರೇಜ್. ಅಂಗಡಿಯವ್ರು "64 ಬಿಟ್ ಸಾರ್, ಏನ್ ಬೇಕಾದ್ರೂ ಹಾಕ್ಕೊಳಿ" ಅಂದ್ರು. ಸುಳ್ಳಂತೂ ಹೇಳ್ಲಿಲ್ಲ, ಸಿಪಿಯು 64 ಬಿಟ್ಟೇ.

ಮನೆಗ್ ಬಂದು ಲಿನಕ್ಸ್ ಪೆನ್‌ಡ್ರೈವ್ ಚುಚ್ಚಿದ್ರೆ ಬೂಟ್ ಮೆನುನಲ್ಲಿ ಅದರ ಸುಳಿವೇ ಇಲ್ಲ. ಸಹಿ ಇಲ್ಲದ ಓಎಸ್ ತಡೆಯೋ ಸೆಕ್ಯೂರ್ ಬೂಟ್ ಆಫ್ ಮಾಡ್ದೆ, ಪೆನ್‌ಡ್ರೈವ್ ಬದಲಾಯಿಸ್ದೆ, ಊಹೂಂ. ರಾತ್ರಿ ಒಂದು ಗಂಟೆಗೆ ತಲೆಗ್ ಹೋಯ್ತು, ಇದರ ಯುಇಎಫ್‌ಐ, ಅಂದ್ರೆ ಆನ್ ಮಾಡಿದ ತಕ್ಷಣ ಓಎಸ್‌ಗಿಂತ ಮುಂಚೆ ಓಡೋ ಫರ್ಮ್‌ವೇರ್, 32 ಬಿಟ್‌ದು, ಅದು ಹುಡುಕೋದು ಬೂಟ್‌ಐಎ32 ಅನ್ನೋ ಫೈಲು, ನನ್ ಹತ್ರ ಇದ್ದಿದ್ದು ಬರೀ ಬೂಟ್‌ಎಕ್ಸ್64. ಹಳೇ ಬಯೋಸ್ ಥರ ಬೂಟ್ ಮಾಡೋ ಲೆಗಸಿ ಮೋಡೂ ಇಲ್ಲ. ವಿಂಡೋಸ್ ಆದ್ರೆ ಇಲ್ಲಿಗೇ ಮುಗೀತು, ಅದಕ್ಕೆ ಫರ್ಮ್‌ವೇರೂ ಓಎಸ್ಸೂ ಒಂದೇ ಬಿಟ್‌ದಿರ್ಬೇಕು.

ಲಿನಕ್ಸಲ್ಲಿ ದಾರಿ ಇದೆ, 2014ರ 3.15 ಕರ್ನಲ್‌ನಿಂದ (ಕರ್ನಲ್ ಅಂದ್ರೆ ಓಎಸ್‌ನ ತಿರುಳು) ಮಿಕ್ಸೆಡ್ ಮೋಡ್ ಅಂತ ಬಂದಿದೆ, 32 ಬಿಟ್ ಫರ್ಮ್‌ವೇರ್ ಮೇಲೂ 64 ಬಿಟ್ ಕರ್ನಲ್ ಓಡತ್ತೆ. ಡೆಬಿಯನ್ ಅನ್ನೋ ಲಿನಕ್ಸಿನ ಮಲ್ಟಿ-ಆರ್ಚ್ ಇಮೇಜ್ (32, 64 ಎರಡಕ್ಕೂ ಆಗೋದು) ಹಾಕ್ದೆ, ತೆಪ್ಪಗೆ ಬೂಟ್ ಆಯ್ತು.

ಬೂಟ್ ಫೈಲ್ ಸಿಕ್ಬಿಟ್ರೆ ಸಾಕು ಅನ್ಕೋಬೇಡಿ, ನಿಜವಾದ ತಲೆನೋವು ಆಮೇಲಿದೆ. ಫರ್ಮ್‌ವೇರ್ ತನ್ನ ಫಂಕ್ಷನ್‌ಗಳು ಎಲ್ಲಿವೆ ಅಂತ ಕೊಡೋ ಟೇಬಲ್‌ನಲ್ಲಿ ಒಂದೊಂದು ಪಾಯಿಂಟರ್ (ಅಡ್ರೆಸ್) 4 ಬೈಟು, ಕರ್ನಲ್ ತನ್ನ ಅಭ್ಯಾಸದಂಗೆ 8 ಬೈಟ್ ಓದಿದ್ರೆ ಎರಡು ಫಂಕ್ಷನ್ ಅಡ್ರೆಸ್ ಅಂಟ್ಕೊಂಡು ಒಂದಾಗಿ ಎಲ್ಲೋ ಹಾರತ್ತೆ. ಅದಕ್ಕೆ ಪ್ರತಿ ಸಲ ಫರ್ಮ್‌ವೇರ್ ಕರೆಯೋಕೆ ಮುಂಚೆ 32 ಬಿಟ್‌ಗೆ ಇಳಿದು, ಕರೆದು, ವಾಪಸ್ 64ಕ್ಕೆ ಹತ್ತಬೇಕು, ಕೊಡೋ ಅಡ್ರೆಸ್ಸೆಲ್ಲ 4 ಜಿಬಿ ಒಳಗಿರ್ಬೇಕು. ಇಲ್ಲಿರೋದೇ 2 ಜಿಬಿ ಅಲ್ವಾ ಅಂತೀರಾ, ಕರ್ನಲ್‌ನ ವರ್ಚುವಲ್ ಅಡ್ರೆಸ್‌ಗಳು ಇರೋದು ಎಲ್ಲೋ ಅಟ್ಟದ ಮೇಲೆ, ಹಾಗಾಗಿ ರ‍್ಯಾಮಲ್ಲಿ ನಿಜವಾಗಿ ಎಲ್ಲಿದೆ ಅನ್ನೋ ಫಿಸಿಕಲ್ ಅಡ್ರೆಸ್ಸೇ ಹುಡುಕಿ ಕೊಡ್ಬೇಕು. ಎರರ್ ಕೋಡ್ ಕೂಡ ಅಷ್ಟೇ, "ಇದು ಎರರ್" ಅಂತ ಹೇಳೋ ಬಿಟ್ಟು, ಸೊನ್ನೆಯಿಂದ ಎಣಿಸಿದ್ರೆ, 32ರಲ್ಲಿ 31ನೇದು, 64ರಲ್ಲಿ 63ನೇದು, ಅದನ್ನ 31ರಿಂದ 63ಕ್ಕೆ ಎತ್ತಿಡದೇ ಹೋದ್ರೆ ಫೇಲ್ ಆಗಿದ್ದೂ ಗೊತ್ತಾಗಲ್ಲ. ಇಷ್ಟು ಕೆಲ್ಸ ಯಾರೋ ಪುಣ್ಯಾತ್ಮರು ಕೂತು ಮಾಡಿದಾರಲ್ಲ, ಅವ್ರಿಗೆ ದೊಡ್ಡ ನಮಸ್ಕಾರ.

ಮಿಕ್ಕಿದ್ದು ಹೇಳೋಷ್ಟೇನಿಲ್ಲ. ಸ್ಕ್ರೀನ್ ಚೆನ್ನಾಗಿದೆ, ಕೀಬೋರ್ಡ್ ಲೊಡಕಾಸು, ಬ್ರೌಸರಲ್ಲಿ ನಾಲ್ಕು ಟ್ಯಾಬ್ ತೆಗೆದ್ರೆ ಉಸಿರು ಬಿಡತ್ತೆ. ಅಪ್ಪ ಬೆಳಿಗ್ಗೆ ಪೇಪರ್ ಓದ್ತಾರೆ, ಅಷ್ಟಕ್ಕೆ ಸಾಕು. ಐದರಲ್ಲಿ ಮೂರು ಸ್ಟಾರ್. ನೀವು ಇಂಥದ್ದು ತಗೊಳೋ ಹಾಗಿದ್ರೆ ನಿಮ್ಮ ಪೆನ್‌ಡ್ರೈವ್ ಜೇಬಲ್ಲಿ ಇಟ್ಕೊಂಡೇ ಹೋಗಿ, ಅಂಗಡಿ ಟೇಬಲ್ ಮೇಲೇ ಬೂಟ್ ಮಾಡಿ ನೋಡಿ, ಆಮೇಲೆ ದುಡ್ಡು ಕೊಡಿ.